ರಾಣಿಗಂಜ್: ಕಲ್ಲಿದ್ದಲು ಮತ್ತು ಬೇಸಾಯದ ನಾಡಿನ ಹಳೆಯ ಸ್ಥಳಾಕೃತಿ ನಕ್ಷೆ

ಪಶ್ಚಿಮ ಬಂಗಾಳದ ರಾಣಿಗಂಜ್ ಭಾರತದ ಮೊದಲ ಕಲ್ಲಿದ್ದಲು ಕ್ಷೇತ್ರ. ದಾಮೋದರ ನದಿಯ ಈ ಬಯಲಿನಲ್ಲಿ ಭತ್ತದ ಗದ್ದೆ ಮತ್ತು ಗಣಿ ಅಕ್ಕಪಕ್ಕದಲ್ಲೇ ಬೆಳೆದವು.

ಇತಿಹಾಸ
- 1774: ಜಾನ್ ಸಮ್ನರ್ ಮತ್ತು ಹೀಟ್ಲಿ ಅವರಿಂದ ಗಣಿಗಾರಿಕೆ ಆರಂಭ.
- 1851: ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಸ್ಥಾಪನೆ, ಕಲ್ಲಿದ್ದಲು ಶೋಧವೇ ಮುಖ್ಯ ಉದ್ದೇಶ.
- 1855: ಹೌರಾದಿಂದ ರಾಣಿಗಂಜ್‌ವರೆಗೆ ರೈಲು.

ನಕ್ಷೆಯ ಸಂಖ್ಯೆ
- ಸ್ಥಳಾಕೃತಿ ನಕ್ಷೆಗಳನ್ನು ರಚಿಸುವ ಸಂಸ್ಥೆ: ಭಾರತೀಯ ಸರ್ವೇಕ್ಷಣಾ ಇಲಾಖೆ (ಸ್ಥಾಪನೆ 1767, ಕೇಂದ್ರ ಕಚೇರಿ ಡೆಹ್ರಾಡೂನ್).
- ರಾಣಿಗಂಜ್ ಪಟ್ಟಣದ ಹಾಳೆ: 73 ಎಂ/2.
- ಹಾಳೆ ಆವರಿಸುವ ಪ್ರದೇಶ (ಅಕ್ಷಾಂಶ × ರೇಖಾಂಶ): 73 = 4° × 4°; 73 ಎಂ = 1° × 1°; 73 ಎಂ/2 = 15′ × 15′.
- ಹಳೆಯ ಪ್ರಮಾಣ: 1 ಇಂಚಿಗೆ 1 ಮೈಲಿ (1:63,360). ಮೆಟ್ರಿಕ್ ಪದ್ಧತಿ ಬಂದ ನಂತರ 1:50,000.

ಬಣ್ಣಗಳ ಅರ್ಥ
- ಹಳದಿ: ಸಾಗುವಳಿ ಭೂಮಿ
- ಹಸಿರು: ಕಾಡು
- ನೀಲಿ: ನೀರು
- ಕೆಂಪು: ವಸತಿ, ರಸ್ತೆ
- ಕಂದು: ಸಮೋನ್ನತಿ ರೇಖೆ (ಒಂದೇ ಎತ್ತರದ ಸ್ಥಳಗಳನ್ನು ಜೋಡಿಸುವ ಗೆರೆ)

ಮಹತ್ವ
ಬೇರೆ ಬೇರೆ ಕಾಲದ ಹಾಳೆಗಳನ್ನು ಹೋಲಿಸಿದರೆ ಹಳದಿ ಜಾಗಕ್ಕೆ ಗಣಿ, ರೈಲು ಕವಲು ಮತ್ತು ವಸತಿ ಹೇಗೆ ಹಬ್ಬಿದವೆಂದು ತಿಳಿಯುತ್ತದೆ. ಕೈಬಿಟ್ಟ ಸುರಂಗಗಳ ಮೇಲೆ ನೆಲ ಕುಸಿಯುವುದು ಇಲ್ಲಿನ ದೊಡ್ಡ ಸಮಸ್ಯೆ. ಮರೆತುಹೋದ ಗಣಿಬಾಯಿಗಳ ಜಾಗವನ್ನು ಗುರುತಿಸಲು ಹಳೆಯ ನಕ್ಷೆ ನೆರವಾಗುತ್ತದೆ. ಹೀಗಾಗಿ ಇದು ಜನರ ಜೀವ ಕಾಯುವ ದಾಖಲೆಯೂ ಹೌದು.

ನೆನಪಿಡಿ: ಸಮೋನ್ನತಿ ರೇಖೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು, ದೂರವಿದ್ದರೆ ಇಳುಕಲು ಕಡಿಮೆ.