ಜನ್ಮದಿನವು ಒಂದು ದಿನ ಹಿಂದೆ ಸರಿದುದೇಕೆ?

ಬಾಲಕಿಯೊಬ್ಬಳ ಜನನಪತ್ರದಲ್ಲಿ ಜೂನ್ ೧ ಎಂದಿತ್ತು. ಆಕೆಯ ತಂದೆ ಗಣಕಯಂತ್ರದ ಅರ್ಜಿಯಲ್ಲಿ ಅದನ್ನೇ ತುಂಬಿದರು. ಮುದ್ರಿತ ಪ್ರತಿಯಲ್ಲಿ ಬಂದುದು ಮೇ ೩೧! ಪ್ರವೇಶಕ್ಕೆ ವಯಸ್ಸನ್ನು ಎಣಿಸುವಲ್ಲಿ ಈ ಒಂದು ದಿನವು ಅಲ್ಪವಲ್ಲ. ತಂದೆಯ ಕೈತಪ್ಪೆಂದು ಕಛೇರಿಯವರು ಹೇಳಿದರು, ತಪ್ಪು ಅವರದಾಗಿರಲಿಲ್ಲ.

ಅಂತರಜಾಲದ ಪುಟಗಳಲ್ಲಿ ಬಳಸುವ ಜಾವಾಸ್ಕ್ರಿಪ್ಟ್ ಭಾಷೆಯ ‘ಡೇಟ್’ ಎಂಬುದು ಹೆಸರಿಗೆ ಮಾತ್ರ ದಿನಾಂಕ. ಅದರೊಳಗಿರುವುದು ಯು.ಟಿ.ಸಿ. ಎಂಬ ವಿಶ್ವಕಾಲದಲ್ಲಿ ೧೯೭೦ರ ಜನವರಿ ೧ರ ನಡುರಾತ್ರಿಯಿಂದ ಎಣಿಸಿದ ಮಿಲಿಸೆಕೆಂಡುಗಳು. ಭಾರತದ ಕಾಲವು ವಿಶ್ವಕಾಲಕ್ಕಿಂತ ಐದೂವರೆ ಗಂಟೆ ಮುಂದು. ಆದುದರಿಂದ ಇಲ್ಲಿ ಜೂನ್ ೧ರ ನಡುರಾತ್ರಿಯಾದಾಗ ವಿಶ್ವಕಾಲದಲ್ಲಿ ಇನ್ನೂ ಮೇ ೩೧ರ ಸಂಜೆ ಆರೂವರೆ. ಅರ್ಜಿಯು ದಿನಾಂಕವನ್ನು ಇಲ್ಲಿನ ನಡುರಾತ್ರಿಯೆಂದು ಗ್ರಹಿಸಿ, ‘ಟುಐಎಸ್‌ಒಸ್ಟ್ರಿಂಗ್’ ಎಂಬ ಕ್ರಿಯೆಯಿಂದ ಬರಹಕ್ಕಿಳಿಸಿ, ಮೊದಲ ಹತ್ತು ಅಕ್ಷರಗಳನ್ನಷ್ಟೇ ಉಳಿಸಿಕೊಂಡರೆ ಹಿಂದಿನ ದಿನವೇ ದೊರೆಯುವುದು. ವಿದ್ಯಾರ್ಥಿಗಳೇ, ಇಂತಹ ದೋಷವನ್ನು ಹುಡುಕುವಾಗ ಆ ಬರಹವನ್ನು ಪೂರ್ತಿಯಾಗಿ ಓದಿರಿ. ಬಾಲದಲ್ಲಿ ೧೮:೩೦ ಎಂದು ಕಂಡರೆ ಕಳ್ಳನು ಸಿಕ್ಕನೆಂದೇ ತಿಳಿಯಿರಿ.

ಐದೂವರೆ ಗಂಟೆಯನ್ನು ಕೂಡಿಸಿ ತೇಪೆ ಹಾಕುವವರುಂಟು. ಸಿಂಗಪುರದಲ್ಲಿರುವ ತಂದೆ ಅದೇ ಅರ್ಜಿಯನ್ನು ತುಂಬಿದರೆ ಆ ತೇಪೆ ಹರಿಯುತ್ತದೆ. ಅಲ್ಲಿನ ಕಾಲವು ಎಂಟು ಗಂಟೆ ಮುಂದು. ಜನ್ಮದಿನವು ಗಡಿಯಾರದ ಒಂದು ಕ್ಷಣವಲ್ಲ. ವರ್ಷ, ತಿಂಗಳು, ದಿನ ಎಂಬ ಮೂರು ಅಂಕಿಗಳು. ಅವನ್ನು ಹಾಗೆಯೇ ಬಿಡಿಯಾಗಿ ತೆಗೆದು, ಯಾವ ಕಾಲಕ್ಕೂ ಪರಿವರ್ತಿಸದೆ ಬರೆದಿಡಬೇಕು. ತೆಗೆಯುವಾಗ ಮಾತ್ರ ಎಚ್ಚರ: ಈ ಭಾಷೆಯು ತಿಂಗಳುಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಜೂನ್ ಎಂದರೆ ೫. ಒಂದನ್ನು ಕೂಡಿಸಲು ಮರೆತರೆ ದಿನವಲ್ಲ, ತಿಂಗಳೇ ಹಿಂದೆ ಹೋದೀತು.