‘ಕುರುಬ’ ಮತ್ತು ‘ಕುರಿಗಾಹಿ’: ಕಥೋಲಿಕ ಪಾಲನಾಸೇವೆಯ ಪರಿಭಾಷೆ

ಕಥೋಲಿಕ ಧರ್ಮಸಭೆಯ ಪಾಲನಾಸೇವೆಗೆ ಮೂಲರೂಪಕ ಕುರಿ ಕಾಯುವವನದು. ಪ್ರೊಟೆಸ್ಟಂಟರ ಹಳೆಯ ಕನ್ನಡ ಬೈಬಲ್ ಇದಕ್ಕೆ ‘ಕುರುಬ’ ಎಂಬ ಪದವನ್ನು ಬಳಸಿತು; ಕಥೋಲಿಕ ಬರಹಗಳಲ್ಲಿ ‘ಕುರಿಗಾಹಿ’ ರೂಢವಾಗಿದೆ. ಮೊದಲನೆಯದು ಜಾತಿಸೂಚಕವೂ ಹೌದು. ಎರಡನೆಯದು ಬರಿಯ ವೃತ್ತಿವಾಚಕ. ಹಾಲುಮತದವರ ಬದುಕು ಹಾಸುಹೊಕ್ಕಾಗಿರುವ ಇಂಡಿ ಸೀಮೆಯಲ್ಲಿ ಈ ವ್ಯತ್ಯಾಸ ಕಿವಿಗೆ ತಟ್ಟದಿರದು.

ಇದೇ ಸೀಮೆಯ ಸಾಲೋಟಗಿಯಲ್ಲಿ ದೊರೆತ ಮೂರನೆಯ ಕೃಷ್ಣನ ಕಾಲದ ಶಾಸನ (ಕ್ರಿ.ಶ. 945) ನಾನಾ ದೇಶದ ವಿದ್ಯಾರ್ಥಿಗಳಿದ್ದ ಶಾಲೆಯನ್ನು ದಾಖಲಿಸುತ್ತದೆ. ಅಲ್ಲಿ ಸಂಸ್ಕೃತವಿದ್ಯೆಗಿದ್ದ ಮನ್ನಣೆ ಕೇರಿಯ ಮಾತಿಗೆ ಇರಲಿಲ್ಲ. ಕಥೋಲಿಕರ ಬಲಿಪೂಜೆಯೂ ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ತನಕ ಲ್ಯಾಟಿನ್ನಿನಲ್ಲೇ ಇತ್ತೆಂಬುದನ್ನು ಮರೆಯಲಾಗದು. ದೇಶಭಾಷೆಗೆ ಅನುಮತಿ ದೊರೆತ ಮೇಲೆ ಎದ್ದ ಪ್ರಶ್ನೆ, ಯಾವ ಕನ್ನಡ ಎಂಬುದು.

2005ರಲ್ಲಿ ರಚಿತವಾದ ಗುಲ್ಬರ್ಗಾ ಧರ್ಮಪ್ರಾಂತ್ಯಕ್ಕೆ ಇಂದಿನ ವಿಜಯಪುರ ಜಿಲ್ಲೆಯೂ ಸೇರಿತು. ಕೊಂಕಣಿ ಮನೆಮಾತಿನ ಗುರುವೊಬ್ಬರು ಗ್ರಾಂಥಿಕ ಕನ್ನಡವನ್ನು ಹೊತ್ತು ಇಲ್ಲಿನ ದಲಿತ ಕೇರಿಗೆ ಹೋದರೆ, ‘ಕುರಿಗಾಹಿ’ ಪುಸ್ತಕದ ಪದವಾಗಿಯೇ ಕೇಳಿಸುತ್ತದೆ. ಲಂಬಾಣಿ ತಾಂಡಾದಲ್ಲಂತೂ ಕನ್ನಡವೇ ಎರಡನೆಯ ಭಾಷೆ. ಜಾತಿಯ ನೆರಳನ್ನು ಕಳೆದುಕೊಂಡ ಪದ ಜನರ ನಾಲಗೆಯಿಂದಲೂ ದೂರವಾಯಿತೆನ್ನಬೇಕು. ಆಡುಮಾತಿನ ‘ಕುರಿ ಕಾಯಾಂವ’ ಎಂಬ ರೂಪವನ್ನು, ಕನಿಷ್ಠ ಉಪದೇಶದ ಮಟ್ಟಿಗಾದರೂ, ಪರಿಗಣಿಸಬಹುದೆಂಬುದು ಈ ಲೇಖಕನ ಅಭಿಪ್ರಾಯ.