ಇಂದಿನ ಧಮ್ಮ ಚಿಂತನೆ: ಸ್ಟಿಯರಿಂಗ್ ಹಿಡಿದವರ ಎಚ್ಚರ

 

ಪಂಚಶೀಲದ ಐದನೆಯದನ್ನು ನಾವು ಮದ್ಯ ಬಿಡುವ ಶೀಲವೆಂದಷ್ಟೇ ನೆನೆಯುತ್ತೇವೆ. ಬಿಡಬೇಕಾದ ಕಾರಣವೂ ಆ ಶೀಲದೊಳಗೇ ಇದೆ: ಮದ್ಯವು ‘ಪಮಾದ’ಕ್ಕೆ ಎಡೆ. ಕನ್ನಡದಲ್ಲಿ ‘ಪ್ರಮಾದ’ವೆಂದರೆ ದೊಡ್ಡ ತಪ್ಪು, ಪಾಲಿಯ ಪಮಾದವಾದರೋ ತಪ್ಪಿಗೂ ಮುಂಚಿನ ಮೈಮರೆವು. ಮೈಮರೆಯಲು ಮದ್ಯವೇ ಬೇಕಿಲ್ಲ, ಮೊಬೈಲ್ ಸಾಕು.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಸಂದೇಶ ಯಾರದೆಂದು ನೋಡಲು 3 ಸೆಕೆಂಡ್ ಕಣ್ಣು ತಗ್ಗಿಸಿದರೆ 66 ಮೀಟರ್ ದಾರಿ ಕಾಣದೆಯೇ ಕಳೆಯಿತು. ಅಷ್ಟರಲ್ಲಿ ಕಾರಿನ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದ್ದರೂ ಅದು ಪಕ್ಕಕ್ಕೆ ಒಂದು ಮೀಟರಿಗೂ ಹೆಚ್ಚು ಸರಿದಿರುತ್ತದೆ. ಹೆದ್ದಾರಿಯ ಒಂದು ಪಥ 3.5 ಮೀಟರ್ ಅಗಲ, ಕಾರು ಸುಮಾರು 1.7 ಮೀಟರ್. ಸರಿಯಾಗಿ ನಡುವೆ ಹೋಗುತ್ತಿದ್ದರೂ ಒಂದೊಂದು ಬದಿಗೆ ಉಳಿಯುವುದು 90 ಸೆಂಟಿಮೀಟರ್. ಅಂದರೆ ಚಕ್ರ ಆಗಲೇ ಗೆರೆ ದಾಟಿದೆ. ಆ ಗೆರೆಯಾಚೆ ಬೈಕಿನ ಮೇಲೆ ಒಂದು ಸಂಸಾರ ಹೋಗುತ್ತಿರಬಹುದು.

ತಲೆಯೆತ್ತಿದವರು ಬೆಚ್ಚಿಬಿದ್ದು ಸ್ಟಿಯರಿಂಗನ್ನು ಜೋರಾಗಿ ಎಳೆಯುತ್ತಾರೆ. ವೇಗ ಎರಡರಷ್ಟಾದರೆ, ಅದೇ ತಿರುವಿಗೆ ಬೇಕಾಗುವ ಟೈರಿನ ಹಿಡಿತ ನಾಲ್ಕರಷ್ಟು. ಪೇಟೆಯಲ್ಲಿ 40ರ ವೇಗದಲ್ಲಿ ಸಲೀಸಾಗಿ ತೆಗೆದುಕೊಂಡ ತಿರುವು 80ರಲ್ಲಿ ಕಾರನ್ನು ಜಾರಿಸಬಹುದು, ಉರುಳಿಸಲೂಬಹುದು.

ಫೋನನ್ನು ಕೈಯಲ್ಲಿ ಹಿಡಿದು ಬಳಸುತ್ತ ಓಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಅಪಾಯಕಾರಿ ಚಾಲನೆಯೆಂದೇ ಎಣಿಸಿದೆ. ಆದರೆ ಕಾನೂನು ಕೈಯನ್ನು ಹಿಡಿಯಬಲ್ಲದು, ಮನಸ್ಸನ್ನಲ್ಲ. ಬ್ಲೂಟೂತ್‌ನಲ್ಲಿ ವಾದಕ್ಕಿಳಿದವರ ಕಣ್ಣು ರಸ್ತೆಯ ಮೇಲಿದ್ದರೂ ಕಂಡದ್ದು ಅರಿವಿಗೆ ಬರುವುದು ತಡ, ಕಾಲು ಬ್ರೇಕಿಗೆ ಹೋಗುವುದು ಇನ್ನೂ ತಡ. ನಿದ್ದೆಗೆಟ್ಟು ಓಡಿಸುವವರದೂ ಇದೇ ಪಾಡು.

ಧ್ಯಾನದಲ್ಲಿ ಮನಸ್ಸು ಅಲೆಯದಂತೆ ಕಟ್ಟಿಹಾಕಲಾಗದು. ಅಲೆದದ್ದನ್ನು ಬೇಗ ಕಂಡರೆ ಮೆಲ್ಲನೆ ಮರಳಿ ತರಬಹುದು. ಸಮ್ಮಾಸತಿಯ ಅಭ್ಯಾಸ ಇದು. ಸ್ಟಿಯರಿಂಗೂ ಹಾಗೆಯೇ. ಬೇಗ ಕಂಡರೆ ಬೆರಳಿನಷ್ಟು ತಿದ್ದಿದರೆ ಸಾಕು. ತಡವಾಗಿ ಕಂಡರೆ ಎರಡೂ ಕೈಯಿಂದ ಎಳೆದರೂ ಸಾಲದು.

ಇಂದಿನ ಅಭ್ಯಾಸ: ಗಾಡಿ ಸ್ಟಾರ್ಟ್ ಮಾಡುವ ಮೊದಲು ಫೋನನ್ನು ಸೈಲೆಂಟ್ ಮಾಡಿ ಹಿಂದಿನ ಸೀಟಿನಲ್ಲಿಡಿ. ನಾವು ಕರೆ ಮಾಡಿದಾಗ ಆ ಕಡೆಯವರು ಗಾಡಿ ಓಡಿಸುತ್ತಿದ್ದರೆ, ‘ತಲುಪಿದ ಮೇಲೆ ಮಾತಾಡೋಣ’ ಎಂದು ನಾವೇ ಕರೆ ಮುಗಿಸೋಣ. ಅದೂ ಶೀಲಪಾಲನೆಯೇ.

ದಾರಿಯಲ್ಲಿರುವವರಿಗೆ ಈ ಸಂದೇಶವೂ ಕಾಯಬಲ್ಲದು.

ಭವತು ಸಬ್ಬ ಮಂಗಲಂ 🙏